ಜೀನಿನ ದೋಷ ಹುಟ್ಟಿನಿಂದಲೇ ಇದ್ದರೆ ಕಿಡ್ನಿಯ ನೀರುಗುಳ್ಳೆಗಳು ಇಷ್ಟು ತಡವಾಗಿ ಏಕೆ ಬಂದವು?

ನಿಮ್ಮ ತಂದೆಯ ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆಗಳಿವೆ, ಅದು ವಂಶದಿಂದ ಬಂದ ಜೀನಿನ ದೋಷ ಎಂದು ವೈದ್ಯರು ಹೇಳಿದ್ದಾರೆ. ಹಾಗಾದರೆ ನಲವತ್ತೈದು ವರ್ಷ ಆ ದೋಷ ಎಲ್ಲಿ ಅಡಗಿತ್ತು ಎಂದು ಕೇಳಿದ್ದೀರಿ. ಅಮ್ಮನನ್ನು ಬದಿಯಡ್ಕದಿಂದ ಮಂಗಳೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದ ದಿನಗಳಲ್ಲಿ ನನ್ನನ್ನೂ ಕಾಡಿದ ಪ್ರಶ್ನೆಯಿದು. ನಾನು ವೈದ್ಯನಲ್ಲ, ಕನ್ನಡ ಮಾಧ್ಯಮದಲ್ಲಿ ಜೀವಶಾಸ್ತ್ರ ಕಲಿಸುವ ಮೇಷ್ಟ್ರು.

ಪ್ರತಿ ಜೀವಕೋಶದಲ್ಲಿಯೂ ಈ ಜೀನಿನ ಎರಡು ಪ್ರತಿಗಳಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಈ ಕಾಯಿಲೆಯವರಲ್ಲಿ ಹೆಚ್ಚಿನವರಿಗೆ ಕೆಟ್ಟಿರುವುದು 16ನೇ ಕ್ರೋಮೋಸೋಮಿನ ಪಿಕೆಡಿ1 ಎಂಬ ಜೀನಿನ ಒಂದು ಪ್ರತಿ. ಕೆಲವರಿಗೆ 4ನೇ ಕ್ರೋಮೋಸೋಮಿನ ಪಿಕೆಡಿ2. ನಮ್ಮ ಬಾಯಾರಿನ ಕಡೆ ಗುಡ್ಡಕ್ಕೆ ಕೊರೆದ ಸುರಂಗದ ನೀರನ್ನೂ ಬಾವಿಯ ನೀರನ್ನೂ ನಂಬಿದ ಮನೆಗಳಿವೆ. ಊರಿನ ಎಲ್ಲ ಮನೆಗಳ ಸುರಂಗವೂ ಮೊದಲಿನಿಂದಲೇ ಕುಸಿದಿದೆ ಎಂದುಕೊಳ್ಳಿ. ಬಾವಿ ಇರುವ ತನಕ ಯಾರಿಗೂ ಕೊರತೆ ತಿಳಿಯುವುದಿಲ್ಲ. ಎಂದೋ ಒಂದು ದಿನ ಒಂದು ಮನೆಯ ಬಾವಿಯೂ ಕುಸಿಯುತ್ತದೆ. ಆ ಮನೆಗೆ ಮಾತ್ರ ನೀರು ತಪ್ಪುತ್ತದೆ.

ಕಿಡ್ನಿಯಲ್ಲಿಯೂ ಹೀಗೆಯೇ. ಒಂದೊಂದು ಕಿಡ್ನಿಯಲ್ಲಿ ರಕ್ತವನ್ನು ಸೋಸುವ ನೆಫ್ರಾನ್ ಎಂಬ ಸೂಕ್ಷ್ಮ ಘಟಕಗಳು ಸುಮಾರು ಹತ್ತು ಲಕ್ಷ ಇವೆ. ಅವುಗಳ ನಾಳದ ಗೋಡೆಯ ಯಾವುದೋ ಒಂದು ಕೋಶದಲ್ಲಿ ಉಳಿದಿದ್ದ ಒಳ್ಳೆಯ ಪ್ರತಿಯೂ ಆಕಸ್ಮಿಕವಾಗಿ ಕೆಟ್ಟು ನಿಷ್ಕ್ರಿಯವಾದಾಗ, ಆ ಕೋಶ ಅಂಕೆಯಿಲ್ಲದೆ ವಿಭಜನೆಗೊಂಡು ಗುಳ್ಳೆಯಾಗುತ್ತದೆ. ಗುಳ್ಳೆಯ ಒಳಪದರ ಒಂದೇ ಕೋಶದ ಸಂತಾನವೆಂದು, ಹಲವು ಗುಳ್ಳೆಗಳಲ್ಲಿ ಒಳ್ಳೆಯ ಪ್ರತಿ ಇಲ್ಲವಾಗಿದೆಯೆಂದು 1996ರಲ್ಲಿ ವಿಜ್ಞಾನಿಗಳು ತೋರಿಸಿದರು. ದೇಹದ ಎಲ್ಲ ಕೋಶಗಳಲ್ಲಿ ದೋಷವಿದ್ದರೂ ಗುಳ್ಳೆ ಅಲ್ಲೊಂದು ಇಲ್ಲೊಂದು ಏಳುವುದು, ಅಣ್ಣತಮ್ಮಂದಿರಲ್ಲಿಯೇ ಅದರ ಪ್ರಮಾಣ ಬೇರೆ ಬೇರೆಯಾಗಿರುವುದು ಇದರಿಂದ ಬಹಳಷ್ಟು ಅರ್ಥವಾಗುತ್ತದೆ.

ಆದರೆ ಎರಡನೆಯ ಪ್ರತಿ ಪೂರ್ತಿ ಸಾಯಲೇಬೇಕೆಂದಿಲ್ಲ. ಜೀನಿನ ಕೆಲಸ ಒಂದು ಮಟ್ಟಕ್ಕಿಂತ ಕೆಳಗಿಳಿದರೂ ಗುಳ್ಳೆ ಹುಟ್ಟುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. 2007ರ ಇನ್ನೊಂದು ಪ್ರಯೋಗ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಇಲಿಮರಿ ಹುಟ್ಟಿದ ಹದಿಮೂರು ದಿನಗಳೊಳಗೆ ಈ ಜೀನನ್ನು ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಕಿಡ್ನಿ ಗುಳ್ಳೆಗಳಿಂದ ತುಂಬಿತು; ಸ್ವಲ್ಪ ತಡವಾಗಿ ನಿಲ್ಲಿಸಿದಾಗ ಗುಳ್ಳೆಗಳಿಗೆ ತಿಂಗಳುಗಳೇ ಬೇಕಾದವು. ಜೀನು ನಿಲ್ಲುವುದು ಮಾತ್ರವಲ್ಲ, ಯಾವಾಗ ನಿಂತಿತು ಎಂಬುದೂ ಮುಖ್ಯ. ಗುಳ್ಳೆ ಹುಟ್ಟಿದ ಮೇಲೂ ನೀರು ತುಂಬಿ ದೊಡ್ಡದಾಗಲು ವರ್ಷಗಳೇ ಹಿಡಿಯುತ್ತವೆ. ಆ ವೇಗವನ್ನು ತಗ್ಗಿಸುವ ಟೋಲ್ವಾಪ್ಟಾನ್ ಎಂಬ ಔಷಧಿಯಿದೆ. ಅದು ಎಲ್ಲರಿಗೂ ಹೊಂದುವುದಿಲ್ಲ, ತಂದೆಯ ವೈದ್ಯರನ್ನೇ ಕೇಳಿ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಈ ಸುದ್ದಿ ಎತ್ತಿದರೆ ಮೊದಲು ಬರುವ ಮಾತು ಎಂಡೋಸಲ್ಫಾನ್ ಎಂಬ ಕೀಟನಾಶಕದ್ದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷದಿಂದ ನೊಂದ ಮನೆಗಳನ್ನು ನಾನು ಹತ್ತಿರದಿಂದ ಕಂಡವನು. ಆ ನೋವನ್ನು ಎಂದಿಗೂ ಕಡಿಮೆ ಮಾಡಿ ಹೇಳಲಾರೆ. ಆದರೆ ನಮ್ಮ ಮನೆಯ ಈ ಕಾಯಿಲೆ ಅಜ್ಜನಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದದ್ದು. ಪ್ರತಿ ಮಗುವಿಗೂ ಇದು ದಾಟುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾದರೂ ಹೆಣ್ಣಾದರೂ.

ನನಗೆ ಬಂದದ್ದು ತಿಳಿದದ್ದು ಅಮ್ಮನಿಗೆ ಕಿಡ್ನಿ ಕೊಡಲು ಹೊರಟಾಗ. ಸ್ಕ್ಯಾನಿಂಗ್ ಮೇಜಿನ ಮೇಲೆ ಮಲಗಿದ್ದಾಗ ವೈದ್ಯರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ನನ್ನ ಎರಡು ಕಿಡ್ನಿಗಳಲ್ಲಿಯೂ ಗುಳ್ಳೆಗಳಿದ್ದವು. ಅಂದಿನಿಂದ ರಕ್ತದೊತ್ತಡದ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿಲ್ಲ.

ನಿಮ್ಮ ತಂಗಿ ತಂದೆಗೆ ಕಿಡ್ನಿ ಕೊಡಲು ಮುಂದೆ ಬಂದಿದ್ದಾಳೆ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಅವಳಿಗೆ ಇಪ್ಪತ್ತಾರು ವರ್ಷ. ಆ ವಯಸ್ಸಿನಲ್ಲಿ ಅಲ್ಟ್ರಾಸೌಂಡ್‌ನಲ್ಲಿ ಗುಳ್ಳೆ ಕಾಣಲಿಲ್ಲ ಎಂಬುದೊಂದೇ ಸಾಲದು; ಎಂಆರ್‌ಐ ಅಥವಾ ಜೀನ್ ಪರೀಕ್ಷೆ ಆಗಬೇಕು. ಅದು ಮುಗಿಯುವ ತನಕ ಅವಳ ಯಾವ ಒಪ್ಪಿಗೆಪತ್ರಕ್ಕೂ ಸಹಿ ಹಾಕಿಸಬೇಡಿ.