ರಿಸೆಷನ್ ಬಂದ್ರೆ ಕಡಿಮೆ ಓದಿರೋರ ಕೆಲಸಕ್ಕೆ ಏನಾಗುತ್ತೆ?

ಎಸ್ಸೆಸ್ಸೆಲ್ಸಿ ಫೇಲ್, ಫ್ಯಾಕ್ಟರೀಲಿ ಹೆಲ್ಪರ್, ರಿಸೆಷನ್ ಅಂದ್ರೆ ಆರ್ಥಿಕ ಹಿಂಜರಿತ ಬಂದ್ರೆ ಮೊದಲು ನಮ್ಮನ್ನೇ ತೆಗೀತಾರಾ ಅಂತ ಕೇಳಿದೀರ. ಸಾಮಾನ್ಯವಾಗಿ ಹಂಗೇ ಆಗೋದು. ಆದ್ರೆ ಎಷ್ಟು ಓದಿದೀರ ಅನ್ನೋದಕ್ಕಿಂತ ನಿಮ್ಮ ಹೆಸರು ಯಾರ ರೋಲಲ್ಲಿದೆ (ಕಂಪನಿ ಹಾಜರಿ ಪಟ್ಟೀಲಾ, ಕಾಂಟ್ರಾಕ್ಟರ್ ಪಟ್ಟೀಲಾ), ಕೈಯಲ್ಲಿ ಏನು ಕೆಲಸ ಇದೆ ಅನ್ನೋದೇ ಜಾಸ್ತಿ ಲೆಕ್ಕಕ್ಕೆ ಬರುತ್ತೆ.

ನಾನು ಪೀಣ್ಯದಲ್ಲಿ ಆಟೋ ಪಾರ್ಟ್ಸ್ ಮಾಡೋ ಚಿಕ್ಕ ಶಾಪಲ್ಲಿ ಸ್ಟೋರ್ಸ್ ನೋಡ್ಕೊಳ್ತಿದ್ದೆ. 2019ರ ಆಗಸ್ಟಲ್ಲಿ ದೇಶದಲ್ಲಿ ಕಾರ್ ಸೇಲ್ ಹಿಂದಿನ ವರ್ಷಕ್ಕಿಂತ 30 ಪರ್ಸೆಂಟ್ ಮೇಲೆ ಬಿದ್ದೋಯ್ತಲ್ಲ, ಆಗ ಮೊದಲು ಹೋಗಿದ್ದು ಓಟಿ (ಓವರ್‌ಟೈಮ್), ಆಮೇಲೆ ನೈಟ್ ಶಿಫ್ಟ್, ಆಮೇಲೆ ಕಾಂಟ್ರಾಕ್ಟರ್ ಹುಡುಗ್ರು. ನೋಟಿಸ್ ಗೀಟಿಸ್ ಏನಿಲ್ಲ, ಶನಿವಾರ ಸಂಜೆ ಕಾಂಟ್ರಾಕ್ಟರ್ ಗೇಟ್ ಹತ್ರ ನಿಂತ್ಕೊಂಡು "ಸೋಮವಾರ ಬರೋದ್ ಬೇಡ, ಫೋನ್ ಮಾಡ್ತೀನಿ" ಅಂದ, ಅಷ್ಟೇ. ಕಂಪನಿ ಯಾರನ್ನೂ ತೆಗೆದೇ ಇಲ್ಲ ಅಂತ ಹೇಳ್ಕೋಬಹುದು, ಆ ಹುಡುಗ್ರು ಕಂಪನಿ ರೋಲಲ್ಲೇ ಇರ್ಲಿಲ್ವಲ್ಲ! ಆದ್ರೆ ಒಬ್ರು ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮಲ್ಲಿ ಓಡೋ ಮಷೀನ್) ಸೆಟ್ಟರ್ ಇದ್ರು, ಅವ್ರೂ ಎಸ್ಸೆಸ್ಸೆಲ್ಸಿ ದಾಟಿರ್ಲಿಲ್ಲ, ಡ್ರಾಯಿಂಗ್ ನೋಡಿ ಮಷೀನ್ ಸೆಟ್ ಮಾಡೋರು, ಮಷೀನ್ ಖಾಲಿ ನಿಂತಿದ್ರೂ ಓನರ್ ಅವರನ್ನ ಬಿಡ್ಲಿಲ್ಲ.

ಅಮೆರಿಕದಲ್ಲಿ 2008ರ ರಿಸೆಷನ್ ಹೊಡೆತ ಆದ್ಮೇಲೆ, 2010ರಲ್ಲಿ, ಹೈಸ್ಕೂಲ್ ಮುಗಿಸದೋರಲ್ಲಿ ನಿರುದ್ಯೋಗ ಹತ್ತತ್ರ 15 ಪರ್ಸೆಂಟ್, ಡಿಗ್ರಿ ಇರೋರಲ್ಲಿ 5ರ ಆಸುಪಾಸು. ನಮ್ಮ ದೇಶದ ಸರ್ವೇಲಿ ಉಲ್ಟಾ, ಡಿಗ್ರಿಯವರಲ್ಲೇ ಜಾಸ್ತಿ, ಓದು ಬರಹ ಇಲ್ಲದೋರಲ್ಲಿ ಕಮ್ಮಿ. ಇದನ್ನ ನೋಡಿ ಖುಷಿಪಡೋ ಹಂಗಿಲ್ಲ. ಬಾಡಿಗೆ ಕಟ್ಬೇಕಾದೋರು ಮನೇಲಿ ಕೂತ್ಕೊಳಕ್ಕಾಗಲ್ಲ, ಫ್ಯಾಕ್ಟರಿ ಹೋದ್ರೆ ಗಾರೆ ಕೆಲಸ, ಅದೂ ಇಲ್ಲಾಂದ್ರೆ ಊರಿಗೆ. ಕೋವಿಡ್ ಟೈಮಲ್ಲಿ, 2020-21ರಲ್ಲಿ, ನರೇಗಾದಲ್ಲಿ ಸುಮಾರು 389 ಕೋಟಿ ಮಾನವ ದಿನ ಕೆಲಸ ಆಯ್ತು, ಹಿಂದಿನ ವರ್ಷ 265 ಕೋಟಿ ಇತ್ತು. ಸಂಬಳ ಬಿಟ್ಟು ಗುದ್ಲಿ ಹಿಡಿದೋನೂ ಸರ್ವೇ ಲೆಕ್ಕದಲ್ಲಿ ಉದ್ಯೋಗಸ್ಥನೇ.

ಮಾರ್ಕೆಟ್ ಎದ್ಮೇಲೂ ತಲೆನೋವು ತಪ್ಪಲ್ಲ, ಹೆಲ್ಪರ್ ಕೆಲಸಕ್ಕೂ ಐಟಿಐ, ಡಿಪ್ಲೊಮಾ ಹುಡುಗ್ರು ಬಂದು ನಿಂತಿರ್ತಾರೆ, ಅದೇ ಸಂಬಳಕ್ಕೆ ಅವ್ರು ಸಿಗೋವಾಗ ನಮ್ಮನ್ನ ಯಾಕೆ ಕರೀತಾರೆ ಹೇಳಿ.

ಕೆಲಸ ಇರೋವಾಗ್ಲೇ ಯುಎಎನ್ (ನಿಮ್ಮ ಪಿಎಫ್ ನಂಬರ್) ನಿಮ್ಮ ಸ್ವಂತ ಮೊಬೈಲಿಗೆ ಲಿಂಕ್ ಆಗಿದೆಯಾ, ಪಿಎಫ್ ತಿಂಗಳಾ ತಿಂಗಳಾ ಬಿದ್ದಿದೆಯಾ ನೋಡಿ, ಕೆಲವು ಕಾಂಟ್ರಾಕ್ಟರ್‌ಗಳು ಸಂಬಳದಲ್ಲಿ ಹಿಡ್ಕೊಂಡು ಕಟ್ಟೋದೇ ಇಲ್ಲ. ಸೆಟ್ಟರ್ ಪಕ್ಕ ನಿಂತು ವರ್ನಿಯರ್, ಮೈಕ್ರೋಮೀಟರಲ್ಲಿ ಅಳತೆ ತಗೊಳ್ಳೋದು, ಮಷೀನಿಗೆ ಆಫ್‌ಸೆಟ್ (ಟೂಲ್ ಅಳತೆಯ ತಿದ್ದುಪಡಿ) ಹಾಕೋದು ಕಲೀರಿ. ಆಗೋದಾದ್ರೆ ಎಸ್ಸೆಸ್ಸೆಲ್ಸೀಲಿ ಫೇಲಾದ ಸಬ್ಜೆಕ್ಟ್ ಕಟ್ಟಿ ಪಾಸ್ ಮಾಡ್ಕೊಳ್ಳಿ, ಫಿಟ್ಟರ್, ಟರ್ನರ್‌ಗೆ ಐಟಿಐ ಸೇರ್ಬೇಕಂದ್ರೆ ಅದು ಬೇಕೇ ಬೇಕು.