ಬ್ಲಾಕ್ ಹೋಯಿತು, ಸುಸ್ತು ಹೋಗಲಿಲ್ಲ

ಬಸವನಗುಡಿಯ ಓದುಗರೊಬ್ಬರ ಪತ್ರ: “ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಏಳು ವಾರವಾಯಿತು. ಬ್ಲಾಕ್ ಪೂರ್ತಿ ಹೋಗಿದೆ ಎಂದರು. ಆದರೂ ಸ್ನಾನ ಮಾಡಿ ಬಂದರೆ ಹತ್ತು ನಿಮಿಷ ಮಂಚದ ಮೇಲೆ ಕೂರಬೇಕು. ದಿನವೂ ಹತ್ತುತ್ತಿದ್ದ ಲಾಲ್‌ಬಾಗ್ ಬಂಡೆಯ ಬುಡದಿಂದಲೇ ಮೊನ್ನೆ ವಾಪಸಾದೆ. ‘ನೀವು ಸುಮ್ಮನೆ ಹೆದರುತ್ತೀರಿ’ ಎನ್ನುತ್ತಾಳೆ ಮಡದಿ. ಹೋದ ವಾರದಿಂದ ಒಂದು ಮಾತ್ರೆಯನ್ನು ಅರ್ಧ ಮಾಡಿಕೊಂಡಿದ್ದೇನೆ. ತಪ್ಪೇ?”

ತಪ್ಪು. ಯಾವ ಮಾತ್ರೆ ಎಂದು ನೀವು ಬರೆದಿಲ್ಲ. ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಕೊಟ್ಟಿರುತ್ತಾರೆ. ಹೊಸ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಿರಲೆಂದು ಈ ಜೋಡಿಯನ್ನು ಸಾಮಾನ್ಯವಾಗಿ ಒಂದು ವರ್ಷ ನುಂಗಬೇಕು. ನೀವು ಅರ್ಧ ಮಾಡಿದ್ದು ಇದರಲ್ಲೊಂದಾದರೆ ಅಪಾಯ ದೊಡ್ಡದು. ಈ ಪುಟ ಮಡಿಸಿಟ್ಟು ಮೊದಲು ನಿಮ್ಮ ವೈದ್ಯರಿಗೆ ಫೋನ್ ಮಾಡಿ.

ಇನ್ನು ಸುಸ್ತು. ಅದು ಹೆದರಿಕೆಯಷ್ಟೇ ಎಂದು ತಳ್ಳಿಹಾಕುವಂಥದ್ದಲ್ಲ. ‘ಬ್ಲಾಕ್ ಹೋಯಿತು’ ಎನ್ನುವುದು ಕೊಳಾಯಿ ರಿಪೇರಿಯ ಮಾತು. ರಕ್ತ ಹರಿಯುವ ದಾರಿ ತೆರೆಯಿತು, ನಿಜ. ಅದಕ್ಕೆ ಮೊದಲೇ ರಕ್ತವಿಲ್ಲದೆ ಸತ್ತ ಸ್ನಾಯು ಗಾಯದ ಕಲೆಯಾಗಿ ಗಟ್ಟಿಯಾಗಲು ಆರೆಂಟು ವಾರ ಹಿಡಿಯುತ್ತದೆ. ಉಳಿದ ಸ್ನಾಯು ಅದರ ಪಾಲಿನ ಕೆಲಸವನ್ನೂ ಹೊರಬೇಕು.

ನಮ್ಮಲ್ಲಿ ಕರಡು ತಿದ್ದುವ ಹಿರಿಯರೊಬ್ಬರು ಸ್ಟೆಂಟ್ ಹಾಕಿಸಿಕೊಂಡು ಎರಡು ತಿಂಗಳಿಗೆ ಕೆಲಸಕ್ಕೆ ಮರಳಿದರು. ಮಧ್ಯಾಹ್ನ ಮೂರರ ಹೊತ್ತಿಗೆ ಅವರ ಕೆಂಪು ಪೆನ್ನು ಒಂದೇ ಅಕ್ಷರದ ಮೇಲೆ ನಿಂತು, ಶಾಯಿ ಹರಡಿ ಕುಂಕುಮದ ಬೊಟ್ಟಿನಂತಾಗುತ್ತಿತ್ತು. ವಯಸ್ಸಾಯಿತು ಎಂದುಕೊಂಡೆವು. (ಸಂಪಾದಕರೂ ಸೇರಿ.) ನೋಡಿದರೆ ನಾಡಿ ನಿಮಿಷಕ್ಕೆ 48! ವೈದ್ಯರು ಬೀಟಾ ಬ್ಲಾಕರ್ (ಹೃದಯ ಬಡಿತ ನಿಧಾನಿಸುವ ಮಾತ್ರೆ) ಪ್ರಮಾಣ ಇಳಿಸಿದರು. ಪೆನ್ನು ಮತ್ತೆ ಓಡಿತು. ಇಳಿಸಿದವರು ವೈದ್ಯರು ಎಂಬುದನ್ನು ಗಮನಿಸಿ.

ನಿಮ್ಮದೂ ಅದೇ ಎಂದು ನಾನು ಹೇಳಲಾರೆ. ರಕ್ತ ತೆಳುವಾಗಿಸುವ ಮಾತ್ರೆಗಳಿಂದ ಒಳಗೇ ರಕ್ತ ಜಿನುಗಿ ಹಿಮೋಗ್ಲೋಬಿನ್ ಇಳಿದಿರಬಹುದು; ಮಲ ಕಪ್ಪಗಿದ್ದರೆ ತಡ ಮಾಡದೆ ತಿಳಿಸಿ. ನಿದ್ದೆಗೆಟ್ಟಿರಬಹುದು. ಆಘಾತದ ನಂತರ ಮನಸ್ಸು ಕುಗ್ಗುವುದೂ ಸಾಮಾನ್ಯ, ಅದಕ್ಕೂ ಚಿಕಿತ್ಸೆಯಿದೆ. ಎಕೋ ಪರೀಕ್ಷೆಯಲ್ಲಿ ಹೃದಯದ ಪಂಪ್ ಶಕ್ತಿ ಶೇಕಡಾ ಎಷ್ಟು ಬಂತು ಎಂದು ಕೇಳಿ. 55ರ ಮೇಲಿದ್ದರೆ ಸಹಜ.

ಸ್ನಾನಕ್ಕೆ ಸ್ಟೂಲ್ ಹಾಕಿಕೊಂಡು ಕೂರಿ. ಸುಡುವ ನೀರು ರಕ್ತದೊತ್ತಡ ಇಳಿಸುತ್ತದೆ, ಉಗುರುಬೆಚ್ಚಗಿದ್ದರೆ ಸಾಕು. ವೈದ್ಯರು ಒಪ್ಪಿದರೆ ಲಾಲ್‌ಬಾಗಿನ ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷ ನಡೆಯಿರಿ. ಜೊತೆಯವರೊಂದಿಗೆ ಏದುಸಿರಿಲ್ಲದೆ ಮಾತಾಡುವಷ್ಟೇ ವೇಗ ಇರಲಿ. ಸುಮಾರು 300 ಕೋಟಿ ವರ್ಷದ ಬಂಡೆ ಅದು, ನಿಮಗಾಗಿ ಇನ್ನೆರಡು ತಿಂಗಳು ಕಾಯುತ್ತದೆ. ಹೃದ್ರೋಗಿಗಳಿಗೆಂದೇ ಇರುವ ಪುನಶ್ಚೇತನ ವ್ಯಾಯಾಮದ ಬಗ್ಗೆ ನೀವಾಗಿಯೇ ವಿಚಾರಿಸಿ.

ಎದೆ ಹಿಂಡಿದಂತಾದರೆ, ಮಲಗಿದಾಗ ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಆಟೊ ಹುಡುಕುತ್ತಾ ನಿಲ್ಲಬೇಡಿ, 108ಕ್ಕೆ ಕರೆ ಮಾಡಿ. ಕಾಲು ಊದಿದರೆ, ಎರಡು ಮೂರು ದಿನದಲ್ಲೇ ತೂಕ ಎರಡು ಕಿಲೊ ಏರಿದರೆ ಅಂದೇ ವೈದ್ಯರಿಗೆ ತಿಳಿಸಿ.

ಮುಂದಿನ ಭೇಟಿಗೆ ಮಾತ್ರೆಗಳ ಪೊಟ್ಟಣವನ್ನೇ ಒಯ್ಯಿರಿ. ಮಡದಿಯನ್ನೂ ಕರೆದುಕೊಂಡು ಹೋಗಿ. ಸುಸ್ತಿನ ಕಾರಣವನ್ನು ಅವರೂ ವೈದ್ಯರ ಬಾಯಿಂದಲೇ ಕೇಳಲಿ.

– ಸಂಪಾದಕ