ಕೆರೆದಂಡೆಯ ಮಡಿಸಿದ ಎಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಾಫಿ ತೋಟದ ಕೆರೆಯ ಮೇಲೆ ಬಾಗಿದ ಗಿಡದಲ್ಲಿ ಒಂದು ಎಲೆ ಉದ್ದಕ್ಕೆ ಮಡಿಸಿ ಅಂಟಿಕೊಂಡಿದೆ. ಒಳಗೆ ಬಿಳಿ ನೊರೆ ಕಾಣುತ್ತದೆ. ಇದು ಹುಳುವಿನ ಕಾಟವೇ? ಕಿತ್ತು ಹಾಕಬೇಕೇ?
– ಓದುಗರು, ವಿರಾಜಪೇಟೆ

ಉತ್ತರ: ದಯವಿಟ್ಟು ಕೀಳಬೇಡಿ. ಅದು ಕಿರು ಹಾರುವ ಕಪ್ಪೆಯ (ರ‍್ಯಾಕೊಫೊರಸ್ ಲ್ಯಾಟರಾಲಿಸ್) ಗೂಡಿರಬೇಕು. 1883ರಲ್ಲಿ ಹೆಸರು ಪಡೆದ ಈ ಕಪ್ಪೆ ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಮತ್ತೆ ಸಿಕ್ಕಿದ್ದು ಕೊಡಗಿನ ಕಾಫಿ ತೋಟದಲ್ಲಿ. ಹಾಗಾಗಿ ಇದನ್ನು ಉಳಿಸುವ ಹೊಣೆ ಕಾಡಿನಷ್ಟೇ ತೋಟದವರದ್ದೂ ಹೌದು.

ನೊರೆಯಲ್ಲಿ ಮೊಟ್ಟೆ ಇಟ್ಟ ಮೇಲೆ ಹೆಣ್ಣುಕಪ್ಪೆ ಎಲೆಯ ಎರಡೂ ಅಂಚನ್ನು ಕೂಡಿಸಿ ಚೀಲದಂತೆ ಮುಚ್ಚುತ್ತದೆ. ಅಂಚು ಬಿಚ್ಚಿದರೆ ನೊರೆ ಒಣಗಿ ಮೊಟ್ಟೆ ಸಾಯುತ್ತವೆ, ಆದ್ದರಿಂದ ಕುತೂಹಲಕ್ಕೂ ಬಿಡಿಸಿ ನೋಡಬಾರದು. ಕೆಲವು ದಿನಗಳಲ್ಲಿ ಗೊದಮೊಟ್ಟೆಗಳು ಜಾರಿ ಕೆಳಗಿನ ನೀರಿಗೆ ಬೀಳುತ್ತವೆ.

ಗುರುತು ಹೀಗೆ: ಸುಮಾರು 3 ಸೆಂಟಿಮೀಟರ್ ಉದ್ದದ ಹಸಿರು ಮೈ, ಎರಡೂ ಬದಿಗೆ ಕೆನೆಬಣ್ಣದ ಗೆರೆ. ಅಂಗೈಗಾತ್ರದ ಕಪ್ಪೆ, ಹಲವು ಎಲೆಗಳಿಗೆ ಮೆತ್ತಿದ ದೊಡ್ಡ ನೊರೆಮುದ್ದೆ ಕಂಡರೆ ಅದು ಮಲಬಾರ್ ಹಾರುವ ಕಪ್ಪೆ. ಅದೂ ನಮ್ಮ ಘಟ್ಟದ್ದೇ, ಆದರೆ ಅಷ್ಟು ಅಪರೂಪವಲ್ಲ.

ಪ್ರಶ್ನೆ: ತೋಟದ ಕೆಲಸ ನಿಲ್ಲಿಸದೆ ಇವನ್ನು ಉಳಿಸಿಕೊಳ್ಳುವುದು ಹೇಗೆ?
– ಬೆಳೆಗಾರರು, ಪೊನ್ನಂಪೇಟೆ

ಉತ್ತರ: ಮುಖ್ಯವಾದದ್ದು ಕೆರೆಯಂಚಿನ ಗಿಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಯಿಂದ ಎರಡು ಮೂರು ಅಡಿ ಕಳೆ ಕೊಚ್ಚಬೇಡಿ, ನೀರಿನ ಮೇಲೆ ಬಾಗಿದ ಕೊಂಬೆಗಳನ್ನು ಬಿಡಿ. ದಂಡೆ ಬೋಳಾದರೆ ಗೂಡಿಗೆ ಎಲೆಯೇ ಇರುವುದಿಲ್ಲ. ಗೂಡಿರುವ ಕೊಂಬೆ ಕತ್ತರಿಸಿ ಹೋಗಿದ್ದರೆ ಎಲೆಯನ್ನು ಮುಟ್ಟದೆ, ಕೊಂಬೆಯನ್ನೇ ನೆರಳಿನಲ್ಲಿ ನೀರಿನಿಂದ ಒಂದು ಅಡಿ ಮೇಲೆ ದಾರದಿಂದ ಕಟ್ಟಿ. ಅದರ ನೇರ ಕೆಳಗೆ ನೀರೇ ಇರಬೇಕು, ಕಲ್ಲಾಗಲಿ ದಂಡೆಯಾಗಲಿ ಇರಬಾರದು.

ಎರಡನೆಯದು ಬೋರ್ಡೋ, ಅಂದರೆ ಬೆಳೆಯ ಶಿಲೀಂಧ್ರ ರೋಗ ತಡೆಯಲು ಸಿಂಪಡಿಸುವ ಮೈಲುತುತ್ತು-ಸುಣ್ಣದ ದ್ರಾವಣ. ಕಾಳುಮೆಣಸಿಗೆ ಶೇ. 1ರ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ತಾಮ್ರ ಗೊದಮೊಟ್ಟೆಗೆ ವಿಷ, ಮತ್ತು ಮಳೆ ಶುರುವಾಗುವ ಹೊತ್ತಿನ ಸಿಂಪಡಣೆ ಕಪ್ಪೆ ಮೊಟ್ಟೆಯಿಡುವ ಕಾಲಕ್ಕೆ ಸರಿಯಾಗಿ ಬರುತ್ತದೆ. ದ್ರಾವಣವನ್ನು ಕೆರೆಯಿಂದ ದೂರ ಬೆರೆಸಿ. ಡ್ರಮ್ಮು, ಪಂಪು ತೊಳೆದ ನೀರು ಕೆರೆಗೋ ತೋಡಿಗೋ ಇಳಿಯಬಾರದು. ದಂಡೆಯಲ್ಲಿ ಕಳೆನಾಶಕವಂತೂ ಬೇಡವೇ ಬೇಡ, ಅದರಲ್ಲಿ ಬೆರೆಸಿರುವ ಸಾಬೂನಿನಂಥ ಪದಾರ್ಥವೂ ಗೊದಮೊಟ್ಟೆಯನ್ನು ಕೊಲ್ಲುತ್ತದೆ.

ಸೊಳ್ಳೆಗೆಂದು ಗಂಬೂಸಿಯಾ ಮೀನು ಬಿಡುವುದು ದೊಡ್ಡ ಅನಾಹುತ, ಅದು ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಸಿಮೆಂಟ್ ತೊಟ್ಟಿಯಾದರೆ ಒಂದು ಒರಟು ಮರದ ತುಂಡನ್ನು ಓರೆಯಾಗಿ ಇಡಿ, ಮರಿಗಳು ಹತ್ತಿ ಹೊರಬರಲು.

ಇನ್ನೊಂದು ಮಾತು. ಜಿಗಣೆಗೆಂದು ಹೊಗೆಸೊಪ್ಪು, ಉಪ್ಪು ಹಚ್ಚಿಕೊಂಡ ಕೈಯಿಂದ ಕಪ್ಪೆ ಮುಟ್ಟಬಾರದು. ಅದರ ಒದ್ದೆ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ.

ಪ್ರಶ್ನೆ: ಕೊಡಗಿನದೇ ಹೆಸರಿನ ಕಪ್ಪೆಯೊಂದು ಬ್ರಹ್ಮಗಿರಿಯಲ್ಲಿದೆಯಂತೆ, ನಿಜವೇ?
– ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ನಿಜ. ಕೊಡಗಿನ ಇರುಳುಗಪ್ಪೆ. ಬೆಂಗಳೂರಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾವ್ 1920ರಲ್ಲಿ ಇದನ್ನು ವಿವರಿಸಿದರು. 91 ವರ್ಷಗಳ ನಂತರ, 2011ರಲ್ಲಿ ಕಪ್ಪೆ ತಜ್ಞ ಎಸ್. ಡಿ. ಬಿಜು ಮತ್ತು ಸಂಗಡಿಗರು ಇದು ಇನ್ನೂ ಇದೆಯೆಂದು ವರದಿ ಮಾಡಿದರು. ಸುಕ್ಕುಗಟ್ಟಿದ ಕಂದು ಚರ್ಮ, ವಜ್ರಾಕಾರದ ಕಣ್ಣುಪಾಪೆ ಈ ಕುಲದ ಗುರುತು. ಜೌಗು ಮತ್ತು ತೊರೆಯ ತಂಪು ನೀರೇ ಇದರ ನೆಲೆ. ಹುಡುಕಲು ಹೋದಾಗ ತೊರೆಯ ಕಲ್ಲು ಎತ್ತಿದರೆ, ಎತ್ತಿದಂತೆಯೇ ಅದೇ ಜಾಗದಲ್ಲಿ ಇಡಬೇಕು.